ಬರೆಯದೆ ಬಿಟ್ಟ ಕೆಂಪು

ಆಗಸ್ಟ್ ೪, ೨೦೧೫, ಮಂಗಳವಾರ

ಅಲ್ಲ, ಸೊಸೆ ಆಫೀಸಿಗೆ ಕರೆದಳು ಎಂದು ನಿನ್ನೆ ಬರೆದದ್ದು ಪೂರ್ತಿ ಸರಿಯಲ್ಲ. ಸೊಸೆ ನನ್ನನ್ನು ಕರೆಯಲಿಲ್ಲ, ಸುಭಾಷನ ಕೈಯಲ್ಲಿ ಹೇಳಿಸಿದಳು. ಮಗ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ ಗೋಡೆಗೆ ಹೇಳುವವನಂತೆ ಹೇಳಿದ: ಆಫೀಸಿನಲ್ಲಿ ಮಷಿನ್ ಮುಂದೆ ಕೂತು ಕೆಂಪು ಬಿದ್ದಾಗ ಬರೆದಿಡಲು ಒಬ್ಬರು ಬೇಕಂತೆ, ಅಪ್ಪ ಮನೆಯಲ್ಲಿ ಸುಮ್ಮನೆ ಕೂತಿರುತ್ತಾನಲ್ಲ. ಸೊಸೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ನಾನೂ ಸುಭಾಷನಿಗೇ ಉತ್ತರ ಕೊಟ್ಟೆ. ನನ್ನ ಹೆಂಡತಿ ಅನಸವ್ವ ಇದ್ದಾಗ ನಾನು ಸೊಸೆಗೆ ಹೇಳುವುದನ್ನು ಅವಳಿಗೆ ಹೇಳುತ್ತಿದ್ದೆ, ಅವಳು ಮುಟ್ಟಿಸುತ್ತಿದ್ದಳು. ಅವಳು ತೀರಿಹೋಗಿ ಐದು ತಿಂಗಳು. ಈಗ ಆ ಕೆಲಸ ಸುಭಾಷನದು. ಅವನು ಅರ್ಧ ಮರೆಯುತ್ತಾನೆ.

ಆಫೀಸು ಅಂದರೆ ಬನಹಟ್ಟಿಯಲ್ಲಿ ಹುಲೆಪ್ಪನ ಮಗ್ಗದ ಶೆಡ್ಡಿನ ಮೇಲಿನ ಕೋಣೆ. ಮೊದಲು ನೂಲಿನ ಗೋದಾಮಾಗಿತ್ತು, ಈಗಲೂ ಮೂಲೆಯಲ್ಲಿ ಗಂಜಿಯ ವಾಸನೆ ಇದೆ. ಕೆಳಗೆ ಹನ್ನೆರಡು ವಿದ್ಯುತ್ ಮಗ್ಗ. ಅವು ನಡೆದಾಗ ನೆಲ ಅಂಗಾಲಿಗೆ ತಿಳಿಯುತ್ತದೆ. ಮೇಲೆ ಇರುವವರು ಇಬ್ಬರೇ, ಸೊಸೆ ಮತ್ತು ಜಮಖಂಡಿಯಿಂದ ದಿನಾ ಬಸ್ಸಿಗೆ ಬರುವ ವೈಶಾಲಿ ಎಂಬ ಹುಡುಗಿ. ವೈಶಾಲಿ ಸೊಸೆಯನ್ನು ನಂದಕ್ಕ ಅನ್ನುತ್ತಾಳೆ, ನನ್ನನ್ನು ಮೊದಲ ದಿನವೇ ಕಾಕಾ ಅಂದುಬಿಟ್ಟಳು. ಪುಣೆಯ ಒಂದು ಕಂಪನಿಯ ಕೆಲಸ. ನಾಲ್ಕು ವರ್ಷದಿಂದ ಸೊಸೆ ಇದನ್ನು ನಡೆಸುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು, ಏನು ನಡೆಸುತ್ತಿದ್ದಾಳೆ ಎಂಬುದು ಗೊತ್ತಿರಲಿಲ್ಲ.

ವೈಶಾಲಿ ತಿಳಿಸಿ ಹೇಳಿದಳು. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್ ಇರುತ್ತದೆ. ಇರುತ್ತದೆ ಅಂದರೆ ಖರೆ ಇರುವುದಿಲ್ಲ, ಹೊರಗಿನದೇ ಒಳಗಿನದರ ವೇಷ ಹಾಕುತ್ತದೆ. ಒಳಗಿನದಕ್ಕೆ ಮಾತ್ರ ತಾನೇ ಒಂದು ಪೂರ್ತಿ ಯಂತ್ರ ಎಂಬ ಭರವಸೆ. ಅದಕ್ಕೆ ವರ್ಚುವಲ್ ಮಷಿನ್ ಅನ್ನುತ್ತಾರೆ. ವರ್ಚು ಅಂದರೆ ಸದ್ಗುಣ ಎಂದು ಕಾಲೇಜಿನಲ್ಲಿ ಓದಿದ ನೆನಪು, ಹಾಗಾದರೆ ಇದು ಸದ್ಗುಣಿ ಯಂತ್ರವೇನು ಎಂದು ಕೇಳಿದೆ. ವೈಶಾಲಿ ಬಾಯಿಗೆ ದುಪ್ಪಟ್ಟಾ ಇಟ್ಟುಕೊಂಡು ನಕ್ಕಳು. ನಗಲಿ.

ಅಂಥ ಯಂತ್ರ ಕಟ್ಟುವ ಸಾಫ್ಟ್‌ವೇರ್ ಪುಣೆಯವರದು. ಅದು ಸರಿ ಇದೆಯೇ ಎಂದು ನೋಡಲು ಅರವತ್ತೆರಡು ಟೆಸ್ಟು. ಪ್ರತಿಯೊಂದೂ ಒಳಗಿನ ಯಂತ್ರವನ್ನು ಎಬ್ಬಿಸಿ, ತೊಂಬತ್ತು ಸೆಕೆಂಡು ಕಾಯ್ದು, ಅದಕ್ಕೆ ಏನೋ ಕೆಲಸ ಹೇಳುತ್ತದೆ. ಕೆಲಸ ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ಯಾರೂ ಕೈ ಹಚ್ಚುವುದು ಬೇಡ, ತಾನೇ ನಡೆಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದರೆ ಸಂಜೆ ಐದೂವರೆ. ನಾನು ನೇಕಾರ ಸಂಘದಲ್ಲಿ ಮೂವತ್ತನಾಲ್ಕು ವರ್ಷ ಸೀರೆ ತಪಾಸಣೆ ಮಾಡಿದವನು, ದಿನಕ್ಕೆ ಎಂಬತ್ತು ಸೀರೆ ನೋಡುತ್ತಿದ್ದೆ. ಇದು ಅದಕ್ಕಿಂತ ನಿಧಾನ.

ಆಗಸ್ಟ್ ೬, ಗುರುವಾರ

ಇಂದು ಎಂಟು ಕೆಂಪು.

ಕೆಂಪು ಬಿದ್ದರೆ ಏನು ಮಾಡಬೇಕು ಎಂದು ವೈಶಾಲಿ ಕಲಿಸಿದ್ದು ಒಂದೇ: ‘ಇನ್ನೊಮ್ಮೆ’ ಎಂಬ ಗುಂಡಿ ಒತ್ತುವುದು. ಒತ್ತಿದರೆ ಆ ಟೆಸ್ಟು ಮತ್ತೆ ನಡೆದು ಹೆಚ್ಚಾಗಿ ಹಸಿರಾಗುತ್ತದೆ. ಹಸಿರಾದೊಡನೆ ಹಳೆಯ ಕೆಂಪು ಅಳಿಸಿಹೋಗುತ್ತದೆ, ಇತ್ತು ಎಂಬ ಗುರುತೂ ಇರುವುದಿಲ್ಲ. ಮೊದಲಿಂದ ಹಾಗೇ ಕಟ್ಟಿದ್ದಾರೆ. ಹಾಗಾದರೆ ಕೆಂಪು ಯಾಕೆ ಬಂತು ಎಂದು ಕೇಳಿದೆ. ಅವು ಹಾಗೇ ಬರುತ್ತವೆ ಕಾಕಾ, ಮಷಿನ್ನಿಗೆ ಮೂಡ್ ಇರುವುದಿಲ್ಲ ಅಂದಳು.

ಇದಕ್ಕೇ ಪುಣೆಯವರು ಸಿಟ್ಟಾಗಿರುವುದು. ನಿಮ್ಮ ಕೆಂಪನ್ನು ನಂಬುವಂತಿಲ್ಲ, ನಂಬಲಾಗದ ಕೆಂಪಿಗಾಗಿ ದಿನಗಟ್ಟಲೆ ಕಾಯುವುದೇಕೆ ಎಂದು ಪತ್ರ ಬಂದಿದೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಕಾರಣವಿಲ್ಲದ ಕೆಂಪು ಇರಬಾರದು, ಹಾಗೆ ಮೂರು ವಾರ ನಡೆಸಿ ತೋರಿಸಿರಿ, ಸೆಪ್ಟೆಂಬರ್ ಇಪ್ಪತ್ತೊಂದು ಕೊನೆ, ಇಲ್ಲದಿದ್ದರೆ ಕೆಲಸ ಪುಣೆಗೇ ಹೋಗುತ್ತದೆ. ಕೆಲಸ ಹೋದರೆ ಆಫೀಸು ಹೋಗುತ್ತದೆ. ಸುಭಾಷ ಇದನ್ನು ನನಗೆ ಹೇಳಿರಲಿಲ್ಲ. ವೈಶಾಲಿ ಹೇಳಿದಳು. ಆಫೀಸು ಮುಚ್ಚಿದರೆ ಅವಳ ಮನೆಯವರು ಗಂಡು ನೋಡಲು ಶುರು ಮಾಡುತ್ತಾರಂತೆ.

ಸೊಸೆಯ ಅಪ್ಪಣೆ, ವೈಶಾಲಿಯ ಬಾಯಿಂದ: ಮೊದಲ ಸಲದ ಕೆಂಪನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು, ಯಂತ್ರ ಮರೆಯುತ್ತದೆ. ನಾನು ಉದ್ದನೆಯ ಪುಸ್ತಕ ತಂದು ಸಂಘದಲ್ಲಿ ಹಾಕುತ್ತಿದ್ದಂತೆಯೇ ಮನೆಗಳನ್ನು ಹಾಕಿದೆ. ಟೆಸ್ಟಿನ ನಂಬರು, ಹೊತ್ತು, ದೋಷ, ಮಗ್ಗದ ಸ್ಥಿತಿ. ಮಗ್ಗದ ಸ್ಥಿತಿ ಇಲ್ಲಿ ಬೇಡವಾಗಿತ್ತು, ಕೈ ರೂಢಿಯಲ್ಲಿ ಹಾಕಿತು. ಗೆರೆ ಎಳೆದಾದ ಮೇಲೆ ಖಾಲಿ ಬಿಡುವುದು ಹೇಗೆ. ಕೆಳಗೆ ಮಗ್ಗ ನಡೆದಿದ್ದರೆ ‘ಮ.ನ.’, ನಿಂತಿದ್ದರೆ ‘ಮ.ನಿಂ.’ ಎಂದು ಬರೆಯತೊಡಗಿದೆ.

ಆಗಸ್ಟ್ ೧೦, ಸೋಮವಾರ

ಏಳು ಕೆಂಪು. ಬದನೆಕಾಯಿ ಪಲ್ಯ.

ಆಗಸ್ಟ್ ೧೩, ಗುರುವಾರ

ಮಧ್ಯಾಹ್ನ ತಿಮ್ಮಾಪುರದ ವಿಷಯ ಬಂತು. ಅಲ್ಲಿಯ ಮುಧೋಳ ನಾಯಿಗಳ ಕೇಂದ್ರಕ್ಕೆ ವೈಶಾಲಿ ಕಾಲೇಜಿನಿಂದ ಹೋಗಿದ್ದಳಂತೆ. ಮುಧೋಳದ ನಾಯಿ ಮೂಸಿ ಓಡುವುದಲ್ಲ, ಕಂಡು ಓಡುವುದು ಎಂದು ನಾನು ಹೇಳಿದೆ, ನನ್ನ ಭಾವಮೈದುನನ ಮನೆಯಲ್ಲಿ ಒಂದಿತ್ತು, ಅದರ ಹೆಸರು ಈಗ ನೆನಪಾಗುತ್ತಿಲ್ಲ. ಬಿಳಿಯದು. ಬೆನ್ನಿನ ಮೇಲೆ ಮಾತ್ರ ಬೂದಿ ಬಣ್ಣ. ಅನಸವ್ವನನ್ನು ಕೇಳಿದರೆ ಹೇಳುತ್ತಿದ್ದಳು.

ಈ ಮಾತಿನ ನಡುವೆ ಸೊಸೆ ನನ್ನ ಪುಸ್ತಕ ತೆಗೆದುಕೊಂಡು ನಿಂತೇ ಓದುತ್ತಿದ್ದಳು. ಬಹಳ ಹೊತ್ತು ಓದಿದಳು. ಆಮೇಲೆ ನನ್ನ ಕಡೆ ನೋಡಿ ಕೇಳಿದಳು.

“ಮಾವಾರ, ಈ ಮನಿಂ ಅಂದ್ರ ಏನ್ರಿ?”

“ಮಗ್ಗ ನಿಂತಾವ ಅಂತ.”

“ಮಗ್ಗ ಯಾಕ ನಿಂದರತಾವ್ರಿ?”

“ಕರೆಂಟ್ ಹೋದಾಗ. ಮತ್ಯಾಕ?”

ಅವಳು ಪುಸ್ತಕವನ್ನು ನನ್ನ ಮುಂದಿಟ್ಟು ಬೆರಳು ಜಾರಿಸುತ್ತ ಹೋದಳು. ನಲವತ್ತಾರು ಕೆಂಪಿನಲ್ಲಿ ಮೂವತ್ತೊಂಬತ್ತರ ಮುಂದೆ ಮ.ನಿಂ. ಎಂದಿತ್ತು. ಬರೆದವನು ನಾನು, ನೋಡಿದವಳು ಅವಳು.

ಕರೆಂಟ್ ಹೋಗುವುದು ಅವರಿಗೂ ಗೊತ್ತು, ಫ್ಯಾನು ನಿಂತು ಬೆವರುವುದಿಲ್ಲವೇ. ಆದರೆ ಟೆಸ್ಟು ನಡೆಯುವುದು ಎರಡು ಲ್ಯಾಪ್‌ಟಾಪಿನಲ್ಲಿ. ಬ್ಯಾಟರಿ ಇದೆ, ಆರುವುದಿಲ್ಲ, ಅಂದ ಮೇಲೆ ಕರೆಂಟಿನ ಸಂಬಂಧವೇನು ಎಂದು ಬಿಟ್ಟಿದ್ದರು. ಆರುವುದಿಲ್ಲ ನಿಜ, ಆದರೆ ಬ್ಯಾಟರಿ ಉಳಿಸಲೆಂದು ಅದು ತಾನಾಗಿ ನಿಧಾನವಾಗುತ್ತದಂತೆ. ಹೊರಗಿನದು ನಿಧಾನವಾದರೆ ಒಳಗಿನದು ಇನ್ನೂ ನಿಧಾನ. ತೊಂಬತ್ತು ಸೆಕೆಂಡಿಗೆ ಟೆಸ್ಟು ಬಂದು ಕೇಳಿದಾಗ ಅದು ಇನ್ನೂ ಎದ್ದೇ ಇರುವುದಿಲ್ಲ. ಎದ್ದಿಲ್ಲ ಎಂದರೆ ಕೆಟ್ಟಿದೆ ಎಂದು ಕೆಂಪು. ಇನ್ನೊಮ್ಮೆ ಒತ್ತುವಷ್ಟರಲ್ಲಿ ಕರೆಂಟ್ ಬಂದಿರುತ್ತದೆ, ಹಸಿರು.

ವೈಶಾಲಿ ಅಂದಳು, ನಾಲ್ಕು ವರ್ಷ ಮಷಿನ್ನಿಗೆ ಬೈದೆವಲ್ಲ ನಂದಕ್ಕ.

ಆಗಸ್ಟ್ ೨೦, ಗುರುವಾರ

ಆರು ದಿನ ಇಬ್ಬರೂ ತಲೆ ಎತ್ತಲಿಲ್ಲ. ಅರವತ್ತೆರಡು ಟೆಸ್ಟನ್ನೂ ಬಿಚ್ಚಿ ಕಟ್ಟಿದರು. ಈಗ ತೊಂಬತ್ತು ಸೆಕೆಂಡು ಎಂದು ಎಣಿಸಿ ಕಾಯುವುದಿಲ್ಲ. ಎರಡೆರಡು ಸೆಕೆಂಡಿಗೆ ಒಳಗಿನದನ್ನು ಕೇಳುತ್ತದೆ, ಎದ್ದೆಯಾ, ಎದ್ದೆಯಾ ಎಂದು. ಎದ್ದೆ ಅಂದೊಡನೆ ಕೆಲಸ ಶುರು. ಹತ್ತು ನಿಮಿಷ ಕೇಳಿದರೂ ಓಗೊಡದಿದ್ದರೆ ಆಗ ಮಾತ್ರ ಕೆಂಪು. ನಡುವೆ ನಿಲ್ಲಿಸುವುದು, ಮುಚ್ಚುವುದು, ಇವಕ್ಕೂ ಹೀಗೇ ಕೇಳಿ ಕೇಳಿ ಮುಂದೆ ಹೋಗುವುದು. ವಿಚಿತ್ರವೆಂದರೆ ಹೆಚ್ಚು ಕಾಯಲು ಸಿದ್ಧವಾದ ಮೇಲೆ ಕೆಲಸ ಬೇಗ ಮುಗಿಯುತ್ತಿದೆ. ಹೆಚ್ಚಿನವು ಮೂವತ್ತೈದು ಸೆಕೆಂಡಿಗೇ ಏಳುತ್ತವಂತೆ, ಉಳಿದ ಹೊತ್ತು ಸುಮ್ಮನೆ ಕಾಯುತ್ತಿದ್ದೆವು. ಇಂದು ಒಂಬತ್ತಕ್ಕೆ ಹಚ್ಚಿದ್ದು ಎರಡೂ ಕಾಲಿಗೆ ಮುಗಿಯಿತು.

ಎರಡು ಕೆಂಪು. ಕರೆಂಟ್ ಒಂದೂವರೆ ಗಂಟೆ ಹೋಗಿದ್ದರೂ ಎರಡೇ.

ನಂದಾ ಕೆಳಗಿನ ಅಂಗಡಿಯಿಂದ ಚಹಾ ತರಿಸಿದಳು. ಮನೆಯಲ್ಲಿ ನನಗೆ ಸಕ್ಕರೆ ಇಲ್ಲದ ಚಹಾ. ಇಲ್ಲಿ ಸಕ್ಕರೆ ಹಾಕಿದ್ದು ಬಂತು, ಅವಳು ನೋಡಿಯೂ ನೋಡದಂತೆ ಇದ್ದಳು.

ಆಗಸ್ಟ್ ೨೧, ಶುಕ್ರವಾರ

ಅನಸವ್ವನಿಗೆ ಜ್ವರ ಬಂದಾಗ ಡಾಕ್ಟರು ಗುಳಿಗೆ ಕೊಟ್ಟು, ಎರಡು ದಿನ ನೋಡಿ ಬರ್ರಿ ಅಂದಿದ್ದರು. ನಾನು ಎರಡು ದಿನ ಎಣಿಸಿದೆ. ಎರಡನೆಯ ದಿನ ಬೆಳಿಗ್ಗೆ ನಂದಾ ಸುಭಾಷನ ಕೈಯಲ್ಲಿ ಹೇಳಿಸಿದ್ದಳು, ಅತ್ತಿ ಮಾತಿಗೆ ಸರಿಯಾಗಿ ಓಗೊಡುತ್ತಿಲ್ಲ, ಈಗಲೇ ಹೋಗೋಣ ಎಂದು. ಡಾಕ್ಟರು ಸಂಜೆ ಅಂದಾರ, ಸಂಜೆ ಹೋಗೋಣ ಎಂದು ನಾನೂ ಸುಭಾಷನ ಕೈಯಲ್ಲೇ ಹೇಳಿ ಕಳಿಸಿದೆ.

ಇಂದು ಒಂದು ಕೆಂಪು. ನಂಬರು ೪೧.

ಸೆಪ್ಟೆಂಬರ್ ೧, ಮಂಗಳವಾರ

ಪುಣೆಯವರ ಮೂರು ವಾರ ನಿನ್ನೆಯಿಂದ ಶುರು. ನಿನ್ನೆ ಒಂದು ಕೆಂಪು, ಇಂದು ಒಂದು. ಲೆಕ್ಕಕ್ಕೆ ಸರಿ.

ಖರೆ ಹೇಳಬೇಕೆಂದರೆ ಇಂದು ಎರಡು. ನಲವತ್ತೊಂದು ಮತ್ತೆ ಬಿತ್ತು. ಅದು ಒಳಗಿನ ಯಂತ್ರವನ್ನು ಕೆಲಸದ ನಡುವೆ ಹಾಗೇ ತಡೆದು ನಿಲ್ಲಿಸಿ, ಮತ್ತೆ ನಡೆಸಿ, ನಿಲ್ಲುವ ಮುಂಚೆ ಬರೆದ ಕೊನೆಯ ಸಾಲು ಇದೆಯೋ ಇಲ್ಲವೋ ನೋಡುವ ಟೆಸ್ಟು. ಬಿದ್ದದ್ದು ಕರೆಂಟ್ ಬಂದ ಹೊತ್ತಿಗೆ ಸರಿಯಾಗಿ. ಇನ್ನೊಮ್ಮೆ ಒತ್ತಿದೆ, ಹಸಿರಾಯಿತು. ಕರೆಂಟಿನದೇ ಚೇಷ್ಟೆ. ಕಳೆದ ವಾರವೂ ಮೂರು ಸಲ ಹೀಗೇ ಆಗಿ ಬರೆಯದೆ ಬಿಟ್ಟಿದ್ದೆ.

ಸಂಘದಲ್ಲಿ ಇದಕ್ಕೊಂದು ರೂಢಿ ಇತ್ತು. ಸೀರೆಯ ಒಂದು ತುದಿ ಹೊರಗೆ ಕಾಣುವ ಸೆರಗು. ಇನ್ನೊಂದು ತುದಿ ಸೊಂಟಕ್ಕೆ ಸಿಗಿಸಿ ಒಳಗೆ ಹೋಗುವುದು. ಆ ಒಳತುದಿಯ ಮೊದಲ ಮೊಳದಲ್ಲಿ ಎಳೆ ಬಿಟ್ಟಿದ್ದರೆ, ಗಂಟು ಇದ್ದರೆ, ತಪಾಸಣೆಯವನು ಕಂಡರೂ ಚೀಟಿಯಲ್ಲಿ ಬರೆಯುತ್ತಿರಲಿಲ್ಲ. ಬರೆದರೆ ಸೀರೆ ಎರಡನೆಯ ದರ್ಜೆಗೆ ಇಳಿದು ನೇಕಾರನ ಎಂಟು ದಿನದ ದುಡಿಮೆ ಮಣ್ಣು. ನೇಕಾರನಿಗೂ ಗೊತ್ತು, ನಮಗೂ ಗೊತ್ತು, ಅಂಗಡಿಯವನಿಗೂ ಗೊತ್ತು. ಮೂವತ್ತನಾಲ್ಕು ವರ್ಷದಲ್ಲಿ ಒಬ್ಬ ಹೆಣ್ಣುಮಗಳೂ ಆ ಕಾರಣಕ್ಕೆ ಸೀರೆ ಮರಳಿ ತಂದಿಲ್ಲ. ಯಾರಿಗೆ ಯಾವುದನ್ನು ಬಿಡಬೇಕು ಎಂದು ತಿಳಿದವನನ್ನೇ ಒಳ್ಳೆಯ ತಪಾಸಣೆಯವನು ಅನ್ನುತ್ತಿದ್ದರು. ನನ್ನನ್ನು ಅನ್ನುತ್ತಿದ್ದರು.

ಸಂಜೆ ನಂದಾ ಪುಸ್ತಕ ನೋಡಿದಳು. ಮುಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸೆಪ್ಟೆಂಬರ್ ೯, ಬುಧವಾರ

ಸೊನ್ನೆ. ವೈಶಾಲಿ ಜಮಖಂಡಿಯಿಂದ ಪೇಡೆ ತಂದಿದ್ದಳು. ಸೊನ್ನೆಗೆ ಯಾರಾದರೂ ಪೇಡೆ ಹಂಚುತ್ತಾರೇನು ಅಂದೆ. ನಮ್ಮ ಕಾಲದಲ್ಲಿ ಸೊನ್ನೆ ತಂದರೆ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. “ನಿಂದರ್ರಿ ಹಂಗಾರ,” ಅಂದಳು, “ಬೆಂಚ್ ಐತಿ, ಪೇಡಾನೂ ಅಲ್ಲೇ ಕೊಡತೇನಿ.”

ನಂದಾ ನಕ್ಕದ್ದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ. ಕಂಡಿರಬಹುದು, ನೋಡಿರಲಿಲ್ಲ.

ಸೆಪ್ಟೆಂಬರ್ ೧೭, ಗುರುವಾರ, ಚೌತಿ

ಹಬ್ಬಕ್ಕೆ ಆಫೀಸಿಗೆ ರಜೆ, ಪುಣೆಗೂ ರಜೆ. ಟೆಸ್ಟು ಮಾತ್ರ ಒಂಬತ್ತಕ್ಕೆ ತಾನೇ ಶುರುವಾಗುತ್ತದೆ, ಅದಕ್ಕೆ ಹಬ್ಬವಿಲ್ಲ. ಮನೆಯಲ್ಲಿ ಕಡುಬಿನ ಗದ್ದಲ, ನಂದಾಳಿಗೆ ಹೇಳಿ ಬಂದೆ. ಪೂಜೆಯ ಹೊತ್ತಿಗೆ ಬರ್ರಿ ಮಾವಾರ ಅಂದಳು.

ಹುಲೆಪ್ಪ ಮಗ್ಗ ನಿಲ್ಲಿಸಿ ಅವಕ್ಕೆ ಹೂ ಏರಿಸಿದ್ದಾನೆ. ಹಬ್ಬವೆಂದು ಕರೆಂಟನ್ನೂ ತೆಗೆಯಲಿಲ್ಲ. ಬೆಳಗಿನಿಂದ ಒಂದು ಸಲವೂ ಬಲ್ಬು ಮಿಣುಕಲಿಲ್ಲ. ಪುಸ್ತಕದಲ್ಲಿ ಮಗ್ಗ ನಿಂತು ಕರೆಂಟ್ ಇದ್ದ ದಿನ ಇದೊಂದೇ, ಅದನ್ನು ಹೇಗೆ ಬರೆಯುವುದು ಎಂದು ಯೋಚಿಸುತ್ತಿದ್ದೆ.

ಹನ್ನೆರಡೂ ಇಪ್ಪತ್ತಕ್ಕೆ ನಲವತ್ತೊಂದು ಕೆಂಪಾಯಿತು.

ಇನ್ನೊಮ್ಮೆ ಒತ್ತಿದೆ. ಹಸಿರು. ಪೆನ್ನು ಹಿಡಿದು ಕೂತೆ. ಕರೆಂಟ್ ಹೋಗಿಲ್ಲ, ಬಂದಿಲ್ಲ. ಹಾಗಾದರೆ ಇದು ಯಾರ ಚೇಷ್ಟೆ?

ಬೇರೆ ಎಲ್ಲ ನಿಲ್ಲಿಸಿ ಒಂದೇ ಟೆಸ್ಟನ್ನು ಎಷ್ಟು ಸಲ ಬೇಕಾದರೂ ನಡೆಸುವುದನ್ನು ವೈಶಾಲಿ ತೋರಿಸಿಕೊಟ್ಟಿದ್ದಳು. ನಲವತ್ತೊಂದನ್ನು ಇಪ್ಪತ್ತು ಸಲ ಎಂದು ಹಚ್ಚಿದೆ. ಒಂದಕ್ಕೆ ನಾಲ್ಕು ನಿಮಿಷ. ಎಂಬತ್ತು ನಿಮಿಷ ಕುರ್ಚಿ ಬಿಟ್ಟು ಏಳಲಿಲ್ಲ. ನಾಲ್ಕು ಕೆಂಪು.

ಆ ನಾಲ್ಕರಲ್ಲೂ ಒಂದೇ ದೋಷ. ತಡೆದು ನಿಲ್ಲಿಸಿದ ಯಂತ್ರ ಮತ್ತೆ ಎದ್ದಿದೆ, ಚೆನ್ನಾಗೇ ಎದ್ದಿದೆ, ಕೊನೆಯ ಸಾಲು ಮಾತ್ರ ಇಲ್ಲ. ತಾನು ಅದನ್ನು ಬರೆದದ್ದೇ ಅದಕ್ಕೆ ಗೊತ್ತಿಲ್ಲ. ಟೆಸ್ಟು ಕೆಟ್ಟಿಲ್ಲ, ಪುಣೆಯವರ ಯಂತ್ರವೇ ಕೆಟ್ಟಿದೆ. ಅದನ್ನು ಹಿಡಿಯಲಿಕ್ಕೇ ಇವರನ್ನು ಇಲ್ಲಿ ಇಟ್ಟಿರುವುದು. ನಾನು ಎಷ್ಟು ಸಲ ಬಿಟ್ಟಿದ್ದೇನೆ ಎಂದು ಬೆರಳು ಮಡಚಿ ನೋಡಿದೆ. ಆಗಸ್ಟ್ ಇಪ್ಪತ್ತನಾಲ್ಕರಿಂದ ಹದಿಮೂರು ಸಲ. ಎಣಿಕೆ ಮರೆಯುವುದಿಲ್ಲ, ತಪಾಸಣೆಯವನು ಬಿಟ್ಟದ್ದನ್ನು ಎಣಿಸಿಯೇ ಬಿಡುತ್ತಾನೆ.

ಸೋಮವಾರ ನಂದಾ ಪುಣೆಯವರಿಗೆ ಪುಸ್ತಕದ ಲೆಕ್ಕ ಒಪ್ಪಿಸಬೇಕು. ದಿನಕ್ಕೆ ಒಂದರ ಮೇಲಿಲ್ಲ ಎಂದು ಬರೆದು ಸಿದ್ಧ ಮಾಡಿಟ್ಟಿದ್ದಾಳೆ. ಹದಿಮೂರನ್ನು ಸೇರಿಸಿದರೆ ಎರಡಾಗುವ ದಿನಗಳಿವೆ. ಸೇರಿಸದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಯಂತ್ರಕ್ಕೂ.

ಪೂಜೆಗೆ ತಡವಾಯಿತು. ಸುಭಾಷ ಆರತಿ ಹಿಡಿದು ನಿಂತೇ ಇದ್ದ.

ಸೆಪ್ಟೆಂಬರ್ ೧೮, ಶುಕ್ರವಾರ

ಹೇಳಲಿಲ್ಲ.

ಸೆಪ್ಟೆಂಬರ್ ೧೯, ಶನಿವಾರ

ಸುಭಾಷನ ಕೈಯಲ್ಲಿ ಹೇಳಿಸೋಣವೆಂದು ಬೆಳಿಗ್ಗೆ ಅವನ ಹಿಂದೆ ಬಾಗಿಲತನಕ ಹೋದೆ. ಅವನು ಚಪ್ಪಲಿ ಮೆಟ್ಟುತ್ತ ಏನಪ್ಪಾ ಅಂದ. ಏನಿಲ್ಲ ಅಂದೆ.

ಆಫೀಸಿನಲ್ಲಿ ವೈಶಾಲಿ ಊಟದ ಡಬ್ಬಿ ತೊಳೆಯಲು ಹೋದಾಗ ನಂದಾಳ ಮೇಜಿನ ಮುಂದೆ ಹೋಗಿ ನಿಂತೆ. ನಿಂತೇ ಹೇಳಿದೆ. ಚೌತಿಯ ದಿನದ್ದು, ಇಪ್ಪತ್ತರಲ್ಲಿ ನಾಲ್ಕು, ಒಳತುದಿಯ ರೂಢಿ, ಎಲ್ಲ. ನಾನು ಸುತ್ತಿ ಸುತ್ತಿ ಮಾತಾಡುವವನು, ಆದರೆ ಇದು ಬೇಗ ಮುಗಿಯಿತು.

“ಎಷ್ಟ ಸಲಾ ಬಿಟ್ಟೀರಿ?”

“ಹದಿಮೂರು.”

“ಯಾರ ಸಲುವಾಗಿ ಬಿಟ್ಟಿರಿ ಮಾವಾರ?”

“ನಿನ್ನ ಸಲುವಾಗಿ.”

ಅವಳು ಪರದೆಯ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

“ನನ್ನ ಸಲುವಾಗಿ ಬರೀಬೇಕಾಗಿತ್ರಿ,” ಅಂದಳು. “ನಿಮಗ ಕಂಡಿದ್ದು ನನಗ ಹೇಳಬೇಕು. ನನಗ ಕಂಡಿದ್ದು ನಾನೂ ನಿಮಗ ಹೇಳಬೇಕಾಗಿತ್ತು. ಅವತ್ತ ಅತ್ತಿಯಾರದ್ದು. ಇವರ ಕೈಯಾಗ ಹೇಳಿ ಕಳಿಸಿ ಕೂತೆ. ನಾನ ಬಂದು ನಿಮ್ಮ ಮುಂದ ನಿಂದರಲಿಲ್ಲ.”

ಅಷ್ಟರಲ್ಲಿ ವೈಶಾಲಿ ಡಬ್ಬಿ ಒರೆಸುತ್ತ ಬಂದು ಇಬ್ಬರನ್ನೂ ನೋಡಿ ಮತ್ತೆ ಹೊರಗೆ ಹೋದಳು. ತೊಳೆದ ಡಬ್ಬಿಯನ್ನೇ ಇನ್ನೊಮ್ಮೆ ತೊಳೆದಳು, ನೀರಿನ ಸಪ್ಪಳ ಕೇಳಿಸಿತು.

ಕೂತುಕೊಳ್ರಿ ಅಂದಳು ನಂದಾ. ಕೂತೆ. ಇಬ್ಬರೂ ಸೇರಿ ನಲವತ್ತೊಂದನ್ನು ಎರಡೂ ಲ್ಯಾಪ್‌ಟಾಪಿನಲ್ಲಿ ಹಚ್ಚಿದೆವು. ಅರವತ್ತು ಸಲಕ್ಕೆ ಹನ್ನೊಂದು. ಅವಳು ಬರೆದಿಟ್ಟಿದ್ದ ಲೆಕ್ಕ ಅಳಿಸಿ ಹೊಸದು ಬರೆಯತೊಡಗಿದಳು. ಮೊದಲ ಸಾಲಿನಲ್ಲೇ ಹದಿಮೂರು ಎಂದಿತ್ತು.

ಸೆಪ್ಟೆಂಬರ್ ೨೧, ಸೋಮವಾರ

ಹನ್ನೊಂದು ಗಂಟೆಗೆ ಪುಣೆಯ ಸಾಹೇಬರ ಫೋನು. ನಂದಾ ಸ್ಪೀಕರಿಗೆ ಹಾಕಿದಳು. ಮಾತೆಲ್ಲ ಇಂಗ್ಲಿಷು, ವೇಗ ಜಾಸ್ತಿ, ಆದರೂ ಒಂದು ಮಾತು ಚೆನ್ನಾಗಿ ತಿಳಿಯಿತು. ನಲವತ್ತೊಂದು ಖರೆ ದೋಷವೇ ಇರಬಹುದು, ಅದನ್ನು ನಾವು ಇಲ್ಲಿ ನಡೆಸಿ ನೋಡುತ್ತೇವೆ. ಆದರೆ ಹದಿಮೂರು ಸಲ ಬಿಟ್ಟ ಪುಸ್ತಕದ ಉಳಿದ ಸಾಲನ್ನು ಹೇಗೆ ನಂಬುವುದು? ಆ ಪುಸ್ತಕ ಇಟ್ಟವರು ಯಾರು?

ನಂದಾ, ನಾನೇ ಜವಾಬ್ದಾರಳು ಎಂದು ಶುರು ಮಾಡಿದಳು. ನಾನು ಕುರ್ಚಿ ಮುಂದೆ ಎಳೆದುಕೊಂಡೆ.

“ಐ ಯಾಮ್ ಗಿರಮಲ್ಲಪ್ಪ, ಸರ್. ಐ ಸಾ ದ ರೆಡ್. ಥರ್ಟೀನ್ ಟೈಮ್ಸ್. ಐ ಡಿಡ್ ನಾಟ್ ರೈಟ್.”

ಯಾಕೆ ಎಂದು ಕೇಳಿದರು. ಒಳತುದಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಗೊತ್ತಿಲ್ಲ. ಇನ್‌ಸೈಡ್ ದ ಸಾರಿ, ನೋಬಡಿ ಸೀಸ್, ಅಂದೆ. ನಡುವೆ ನೆವರ್‌ದಲೆಸ್ ಅಂತಲೂ ಅಂದೆ. ಅರ್ಥ ಖಚಿತವಿರಲಿಲ್ಲ, ಆ ಜಾಗಕ್ಕೆ ಹೊಂದುವಂತೆ ಕಂಡಿತು. ವೈಶಾಲಿ ದುಪ್ಪಟ್ಟಾ ಕಚ್ಚಿಕೊಂಡಿದ್ದಳು, ಈ ಸಲ ನಗುವುದಕ್ಕಲ್ಲ. ಆಮೇಲೆ ನಂದಾ ಸೀರೆಯ ಸಂಗತಿಯನ್ನು ತಿಳಿಸಿ ಹೇಳಿದಳು, ನನಗಿಂತ ಚೆನ್ನಾಗಿ ಹೇಳಿದಳು. ಸಾಹೇಬರು ನಿಧಾನವಾಗಿ, ನನಗೆ ತಿಳಿಯಲೆಂದೇ ಇರಬೇಕು, ಹೇಳಿದರು: ನಮ್ಮ ಗಿರಾಕಿಗಳು ಹೊರಗೆ ನಿಂತು ನೋಡುವವರಲ್ಲ, ಒಳಗೇ ಕೂತು ಕೆಲಸ ಮಾಡುವವರು. ಎಸ್ ಸರ್ ಅಂದೆ. ಬೇರೆ ಅನ್ನುವುದೇನಿತ್ತು.

ಪುಸ್ತಕದ ಪ್ರತಿ ಪುಟದ ಫೋಟೊ ಕೇಳಿದರು. ನಾನು ಹಾಳೆ ತಿರುವಿದೆ, ವೈಶಾಲಿ ಮೊಬೈಲಿನಲ್ಲಿ ತೆಗೆದಳು. ಮೂವತ್ತೊಂದು ಪುಟ.

ನಾಲ್ಕಕ್ಕೆ ಮತ್ತೆ ಫೋನು. ಅಲ್ಲಿ ಐವತ್ತು ಸಲ ನಡೆಸಿದ್ದಕ್ಕೆ ಆರು ಕೆಂಪು ಬಂದಿದೆ. ದೋಷ ಅವರದೇ, ಅದು ಈಗಾಗಲೇ ಗಿರಾಕಿಗಳ ಕೈಗೂ ಹೋಗಿ ಎರಡು ತಿಂಗಳಾಗಿದೆಯಂತೆ. ಕೆಲಸ ಮಾರ್ಚ್‌ವರೆಗೆ ಇಲ್ಲೇ ಇರುತ್ತದೆ, ಆಮೇಲಿನದು ಆಮೇಲೆ ನೋಡೋಣ ಎಂದರು. ಎರಡು ಷರತ್ತು: ‘ಇನ್ನೊಮ್ಮೆ’ ಒತ್ತಿದರೂ ಮೊದಲ ಕೆಂಪು ಅಳಿಯಬಾರದು, ಪುಸ್ತಕದ ಪುಟ ದಿನಾ ಸಂಜೆ ಪುಣೆಗೆ ಹೋಗಬೇಕು. ಪುಸ್ತಕ ಯಾರು ಬರೆಯಬೇಕು ಎಂದು ನಂದಾ ಕೇಳಿದಳು. ಅವರೇ, ಅಂದರು. ವೈಶಾಲಿ ಫೋನು ಆರುವವರೆಗೂ ತಡೆದು, ಜಮಖಂಡಿಗೆ ಫೋನು ಹಚ್ಚಿ, ಯವ್ವಾ, ಗಂಡ ನೋಡೂದು ಸದ್ಯಕ್ಕ ಬ್ಯಾಡ ಅಂದಳು.

ಪುಣೆಗೆ ಪುಟ ಕಳಿಸುವ ಮೊದಲು ಇದನ್ನು ಸರಿ ಮಾಡೋಣ ಎಂದು ನಂದಾ ಅಂದಳು. ಬಿಟ್ಟ ಹದಿಮೂರನ್ನೂ ತಾರೀಖು, ಹೊತ್ತು ಹಾಕಿ ಕೊನೆಯ ಪುಟದಲ್ಲಿ ಬರೆಯಿರಿ, ನೆನಪಿದ್ದಷ್ಟು. ಇಲ್ಲದ್ದನ್ನು ಅಂದಾಜಿನಲ್ಲಿ ಹಾಕಬೇಡಿ. ಅದಕ್ಕೇ ಕಿಟಕಿಯ ಹತ್ತಿರ ಕೂತಿದ್ದೇನೆ. ವೈಶಾಲಿಯ ಬಸ್ಸು ಕೆಟ್ಟ ದಿನದ್ದು ನೆನಪಾಯಿತು. ಹುಲೆಪ್ಪ ಕೆಳಗಿನಿಂದ ಕೂಗಿ ಲಾಳಿ ಬೇಡಿದ ದಿನದ್ದು. ಪೇಡೆ ತಂದ ದಿನದ್ದು ಕೂಡ, ಹೌದು, ಆ ಸೊನ್ನೆಯ ದಿನವೂ ಒಂದಿತ್ತು. ಹೀಗೆ ಒಂಬತ್ತು ಬರೆದೆ. ಉಳಿದ ನಾಲ್ಕು ಎಷ್ಟು ಯೋಚಿಸಿದರೂ ಬರುತ್ತಿಲ್ಲ. ಆ ನಾಲ್ಕು ಸಾಲಿಗೆ ನಂಬರು ಹಾಕಿ, ಮುಂದೆ ಏನೂ ಬರೆಯದೆ, ಕೊನೆಗೆ ನನ್ನ ಸಹಿ ಮಾತ್ರ ಮಾಡುತ್ತಿದ್ದೇನೆ. ಹತ್ತನೆಯದಕ್ಕೆ ಮಾಡಿದೆ, ಹನ್ನೊಂದಕ್ಕೆ ಮಾಡಿದೆ. ಕೆಳಗೆ ಮಗ್ಗ ನಡೆಯುತ್ತಿವೆ, ಕರೆಂಟ್ ಇದೆ, ದೀಪ ಹಚ್ಚಲೇನ್ರಿ ಮಾವಾರ ಎಂದು ನಂದಾ ಕೇಳುತ್ತಿದ್ದಾಳೆ. ಯಾಕೆ ಕೇಳಿದಳು ಎಂದು ತಲೆ ಎತ್ತಿ ನೋಡಿದರೆ, ಹೊರಗೆ ಬೆಳಕು ಹೋಗುತ್ತಿದೆ.